ಶ್ರೀರಾಮಪುರದ ವಿಲಿಯಂ ಕೇರಿಯವರು

ಕನ್ನಡ ಭಾಷೆಗೊಂದು ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚುಹಾಕಿಸಿದ ಮಹನೀಯರು ಕನ್ನಡ ನಾಡನ್ನು ಒಂದು ಸಾರಿಯಾದರೂ ಕಂಡವರಲ್ಲ. ಹುಟ್ಟಿದ್ದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಯೌವನದಲ್ಲಿ ಹತ್ತು ವರುಷಕ್ಕೂ ಮಿಕ್ಕಿ ಮಾಡಿದ ಕೆಲಸವು ಜೋಡು ಹೊಲಿಯುವದು. ಅವರೇ ವಿಲಿಯಂ ಕೇರಿಯವರು. ನಮ್ಮ ಶಾಲೆಯಲ್ಲಿ ಓದಿ ಹೋದ ಹೆಣ್ಣುಮಕ್ಕಳಿಗೆ ಈ ಹೆಸರು ಹೊಸತಲ್ಲ. ಆದರೆ ಸತ್ಯವೇದವನ್ನು ಅನೇಕ ಭಾಷೆಗಳಿಗೆ ತಿರುಗಿಸಿದವರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವದು ರೂಢಿಯಾಗಿದೆ. ಅವರ ದಿನವು ಹೇಗೆ ಕಳೆಯುತ್ತಿತ್ತು, ಮನೆಯೊಳಗೆ ಯಾವ ದುಃಖವಿತ್ತು, ದಣಿದ ಮನಸ್ಸನ್ನು ಅವರು ಎಲ್ಲಿಗೆ ಒಯ್ಯುತ್ತಿದ್ದರು ಎಂಬ ಸಂಗತಿಗಳನ್ನು ಹೇಳುವವರು ಕಡಿಮೆ. ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ನಾವು ಅದಕ್ಕಾಗಿಯೇ ತೆಗೆದುಕೊಂಡಿದ್ದೇವೆ.

ಕೇರಿಯವರು ನಾರ್ಥಾಂಪ್ಟನ್‌ಷೈರ್ ಪ್ರಾಂತದ ಪಾಲರ್ಸ್‌ಪರಿ ಎಂಬ ಗ್ರಾಮದಲ್ಲಿ 1761ನೆಯ ಆಗಸ್ಟ್ 17ರಂದು ಜನಿಸಿದರು. ತಂದೆ ಎಡ್ಮಂಡನು ಮಗ್ಗದ ಕೆಲಸದವನು. ಮಗನಿಗೆ ಆರು ವರುಷವಾದಾಗ ಆತನಿಗೆ ಆ ಹಳ್ಳಿಯ ಶಾಲೆಯ ಉಪಾಧ್ಯಾಯತನ ದೊರೆತು ಕುಟುಂಬವು ಶಾಲೆಯ ಮನೆಗೆ ಬಂದಿತು. ಐದು ಮಕ್ಕಳಲ್ಲಿ ವಿಲಿಯಮನೇ ಹಿರಿಯನು. ಪೀಟರ್ ಎಂಬ ಚಿಕ್ಕಪ್ಪನು ಕೆನಡಾ ದೇಶಕ್ಕೆ ಹೋಗಿ ಬಂದವನು, ತೋಟಗಾರನು. ಗಿಡಮರಗಳ ಮೇಲಿನ ಪ್ರೀತಿಯು ಬಾಲಕನಿಗೆ ಹತ್ತಿದ್ದು ಇವನಿಂದಲೇ. ಹುಡುಗನಿಗೆಂದು ಬಿಟ್ಟುಕೊಟ್ಟಿದ್ದ ಕೋಣೆಯ ಮೂಲೆ ಮೂಲೆಯಲ್ಲಿಯೂ ಹುಳಹುಪ್ಪಟೆಗಳು, ಹಕ್ಕಿಗಳು, ಬೇಲಿಯ ಬದಿಯಿಂದ ಕಿತ್ತು ತಂದ ಸಸಿಗಳು ತುಂಬಿರುತ್ತಿದ್ದವಂತೆ. ದೇಶ ಸಂಚಾರದ ಕಥೆಗಳನ್ನೂ ಚರಿತ್ರೆಯನ್ನೂ ಸೃಷ್ಟಿವಿಜ್ಞಾನದ ಪುಸ್ತಕಗಳನ್ನೂ ಎಲ್ಲಿ ಸಿಕ್ಕಿದರಲ್ಲಿ ಬೇಡಿ ತಂದು ಓದುತ್ತಿದ್ದನು. ಸಮುದ್ರಯಾನದ ಮಾತನ್ನೇ ಸದಾ ಆಡುತ್ತಿದ್ದುದರಿಂದ ಜೊತೆಯ ಹುಡುಗರು ಅವನಿಗೆ ಕೊಲಂಬಸನೆಂದು ಅಡ್ಡಹೆಸರಿಟ್ಟರು. ಒಮ್ಮೆ ಒಂದು ಮರವನ್ನು ಹತ್ತಲು ಹೋಗಿ ಕೆಳಗೆ ಬಿದ್ದು ಹಾಸಿಗೆ ಹಿಡಿದವನು, ಎದ್ದು ನಡೆಯಬಲ್ಲವನಾದ ಕೂಡಲೆ ಮಾಡಿದ ಮೊದಲನೆಯ ಕೆಲಸವು ಅದೇ ಮರವನ್ನು ಹತ್ತಿದ್ದು. ತಾಯಿಗೆ ಇದರಿಂದ ಸಂತೋಷವಾಗಿರಲಾರದು.

ಬಿಸಿಲು ತಾಗಿದರೆ ಮೈಚರ್ಮ ಕೆರಳುವ ರೋಗವಿದ್ದುದರಿಂದ ಹುಡುಗನು ಹೊಲದ ಕೆಲಸಕ್ಕೆ ಒದಗಲಿಲ್ಲ. ನೆರಳಿನಲ್ಲಿ ಕೂತು ಮಾಡುವ ಕಸಬನ್ನು ಹುಡುಕಿ, ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯು ಅವನನ್ನು ಪಿಡಿಂಗ್ಟನ್ ಎಂಬ ಊರಿನ ಕ್ಲಾರ್ಕ್ ನಿಕೊಲ್ಸನೆಂಬ ಜೋಡು ಹೊಲಿಯುವವನಲ್ಲಿ ಕಸಬು ಕಲಿಯಲಿಟ್ಟನು. ಭಾರತದ ಬಿಸಿಲಿನಲ್ಲಿ ನಾಲ್ವತ್ತು ವರುಷ ಬದುಕಲಿದ್ದವನನ್ನು ಇಂಗ್ಲೆಂಡಿನ ಬಿಸಿಲು ಹೊಲದಿಂದ ಓಡಿಸಿತು! ಅಲ್ಲಿ ಯಜಮಾನನ ಕಪಾಟಿನಲ್ಲಿದ್ದ ಹೊಸ ಒಡಂಬಡಿಕೆಯ ಒಂದು ವ್ಯಾಖ್ಯಾನ ಗ್ರಂಥದಲ್ಲಿ ನಡುನಡುವೆ ಗ್ರೀಕ್ ಅಕ್ಷರಗಳು ಕಂಡವು. ಅವು ಏನೆಂದು ತಿಳಿಯದೆ ಬಾಲಕನಿಗೆ ಸಮಾಧಾನವಾಗಲಿಲ್ಲ. ಆ ಅಕ್ಷರಗಳನ್ನು ಒಂದೊಂದಾಗಿ ಕಾಗದದ ಮೇಲೆ ಬರೆದುಕೊಂಡು, ತನ್ನ ಹಳ್ಳಿಯಲ್ಲಿದ್ದ ತಾಮಸ್ ಜೋನ್ಸನೆಂಬ ಓದಿದ ನೇಯಿಗೆಯವನ ಬಳಿಗೆ ಒಯ್ದು ಅರ್ಥ ಕೇಳಿಕೊಳ್ಳುತ್ತಿದ್ದನು. ಮುಂದೆ ಲ್ಯಾಟಿನ್, ಗ್ರೀಕ್, ಹೀಬ್ರೂ, ಡಚ್ಚು, ಫ್ರೆಂಚು ಭಾಷೆಗಳನ್ನು ಕಲಿತದ್ದೂ ಹೀಗೆಯೇ. ಕೈಯಲ್ಲಿ ಚರ್ಮ ಮತ್ತು ಉಳಿ, ಎದುರಿಗೆ ತೆರೆದ ಪುಸ್ತಕ.

ಈ ಕಾಲದ ಒಂದು ಸಂಗತಿಯನ್ನು ಕೇರಿಯವರೇ ದೊಡ್ಡವರಾದ ಮೇಲೆ ಮರೆಮಾಚದೆ ಬರೆದಿಟ್ಟಿದ್ದಾರೆ. ಕ್ರಿಸ್‌ಮಸ್ ಹಬ್ಬದ ಸಮಯದಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರಿಯು ಹುಡುಗನಿಗೆ ಒಂದು ಷಿಲ್ಲಿಂಗನ್ನು ಇನಾಮು ಕೊಟ್ಟನು. ಅದು ಖೋಟಾ ನಾಣ್ಯವೆಂದು ತಿಳಿದದ್ದು ತನಗಾಗಿ ಸಾಮಾನು ಕೊಳ್ಳಹೋದಾಗ. ಹುಡುಗನು ತನ್ನ ಖೋಟಾ ನಾಣ್ಯವನ್ನು ಯಜಮಾನನ ಹಣದಲ್ಲಿ ಸೇರಿಸಿ ಅದು ಯಜಮಾನನದೇ ಎಂದು ಹೇಳಿಬಿಡಲು ನಿಶ್ಚಯಿಸಿದನು. ಮನೆಗೆ ಬರುವ ದಾರಿಯುದ್ದಕ್ಕೂ, ಈ ಒಂದು ಸಾರಿ ಪಾರುಮಾಡಿದರೆ ಮುಂದೆ ಎಂದೆಂದಿಗೂ ಕೆಟ್ಟದ್ದನ್ನು ಬಿಟ್ಟುಬಿಡುವೆನೆಂದು ದೇವರಿಗೆ ಪ್ರಾರ್ಥಿಸಿದನಂತೆ. ದೇವರು ಪಾರುಮಾಡಲಿಲ್ಲ. ಯಜಮಾನನು ಇನ್ನೊಬ್ಬ ಹುಡುಗನನ್ನು ಅಂಗಡಿಗೆ ಕಳುಹಿಸಿ ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಅನೇಕ ದಿವಸ ನಾಚಿಕೆಯಿಂದ ಹುಡುಗನು ದೇವಾಲಯಕ್ಕೂ ಹೋಗಲಿಲ್ಲ. ತನ್ನ ಭಕ್ತಿಯ ಬಗ್ಗೆ ಅವನಿಗಿದ್ದ ಹೆಮ್ಮೆಯು ಆ ಷಿಲ್ಲಿಂಗಿನೊಂದಿಗೆ ಹೋಯಿತು. ಜೊತೆಯಲ್ಲಿ ಕೆಲಸ ಕಲಿಯುತ್ತಿದ್ದ ಜಾನ್ ವಾರನೆಂಬ ಯುವಕನ ಮಾತುಗಳು ಮೆಲ್ಲಗೆ ನಾಟತೊಡಗಿದವು. ಪರಿಣಾಮದಲ್ಲಿ ಕೇರಿಯವರು ಹುಟ್ಟಿದ ಸಭೆಯನ್ನು ಬಿಟ್ಟು ಬ್ಯಾಪ್ಟಿಸ್ಟ್ ಸಭೆಯನ್ನು ಸೇರಿ, 1783ರಲ್ಲಿ ನೆನೆ ಎಂಬ ಹೊಳೆಯಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಇದಕ್ಕೆ ಎರಡು ವರುಷ ಮೊದಲು, 1781ರ ಜೂನ್ ತಿಂಗಳಲ್ಲಿ, ಹತ್ತೊಂಬತ್ತು ವರುಷದ ಕೇರಿಯವರಿಗೂ ಅವರಿಗಿಂತ ಹಿರಿಯಳಾದ ಡಾರತಿ ಪ್ಲ್ಯಾಕೆಟ್ ಎಂಬಾಕೆಗೂ ವಿವಾಹವಾಯಿತು. ಡಾರತಿಗೆ ಬರೆಯಲು ಬರುತ್ತಿರಲಿಲ್ಲ. ದೇವಾಲಯದ ವಿವಾಹದ ದಫ್ತರದಲ್ಲಿ ಆಕೆ ಹೆಸರಿಗೆ ಬದಲು ಒಂದು ಗೀಟನ್ನು ಅಡ್ಡಕ್ಕೆ ಎಳೆದಿದ್ದಾಳೆ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ನಮ್ಮಂಥವರಿಗೆ ಆ ಗುರುತು ಮನಸ್ಸಿನಿಂದ ಹೋಗುವಂಥದಲ್ಲ. ಚೊಚ್ಚಲು ಮಗಳು ಆ್ಯನ್ ಎರಡು ವರುಷದವಳಾಗಿರುವಾಗ ಜ್ವರದಿಂದ ತೀರಿಕೊಂಡಳು. ಅದೇ ಜ್ವರದಲ್ಲಿ ಕೇರಿಯವರ ತಲೆಗೂದಲು ಉದುರಿಹೋಯಿತು.

1785ರಲ್ಲಿ ಕುಟುಂಬವು ಮೌಲ್ಟನ್ ಎಂಬ ಹಳ್ಳಿಗೆ ಬಂದಿತು. ಹಗಲು ಶಾಲೆ, ರಾತ್ರಿ ಜೋಡು, ಆದಿತ್ಯವಾರ ಪ್ರಸಂಗ. ಇವೆಲ್ಲವೂ ಸೇರಿದರೂ ಹೊಟ್ಟೆ ತುಂಬುತ್ತಿರಲಿಲ್ಲ. ಕ್ಯಾಪ್ಟನ್ ಕುಕ್ ಎಂಬ ನಾವಿಕನ ಸಮುದ್ರಯಾನದ ವೃತ್ತಾಂತಗಳು ಕೇರಿಯವರ ಕೈಗೆ ಸಿಕ್ಕಿದ್ದು ಈ ಸಮಯದಲ್ಲಿ. ಅವರು ಕಾಗದದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ಕೈಯಿಂದಲೇ ಲೋಕದ ನಕ್ಷೆಯನ್ನು ಬರೆದು, ಕೆಲಸದ ಕೋಣೆಯ ಗೋಡೆಗೆ ತೂಗಹಾಕಿದರು. ಒಂದೊಂದು ದೇಶದ ಮೇಲೆಯೂ ಅಲ್ಲಿಯ ಜನಸಂಖ್ಯೆ, ಮತ, ಆಚಾರಗಳ ಬಗ್ಗೆ ತಾವು ಓದಿ ತಿಳಿದದ್ದನ್ನು ಬರೆದಿಟ್ಟರು. ಭೂಗೋಳದ ಪಾಠಕ್ಕೆ ಚರ್ಮದ ತುಂಡುಗಳಿಂದ ಒಂದು ಗೋಳವನ್ನೂ ಮಾಡಿದ್ದರೆಂದು ಹೇಳುವದುಂಟು. ಓದಿದ್ದನ್ನು ಓದಿ ಬಿಡುವ ಸ್ವಭಾವ ಅವರದಾಗಿರಲಿಲ್ಲ. ಅನೇಕರು ಆ ಸಂಚಾರಕಥೆಗಳನ್ನು ವಿನೋದಕ್ಕಾಗಿ ಓದಿರುವರು. ಕೇರಿಯವರಾದರೋ ಆ ದೂರದ ಜನರಿಗೆ ಸುವಾರ್ತೆಯನ್ನು ತಿಳಿಸುವವರು ಯಾರು ಎಂದು ಕೇಳಿಕೊಂಡು ನಿದ್ರೆ ಕೆಡಿಸಿಕೊಂಡರು. ಕೆಟರಿಂಗಿನ ಜೋಡಿನ ವ್ಯಾಪಾರಿ ತಾಮಸ್ ಗಾಚನು ಇವರು ಹೊಲಿದು ತಂದ ಜೋಡುಗಳನ್ನು ಕೊಳ್ಳುತ್ತಿದ್ದವನು. ಇವರ ವಿದ್ಯಾಸಕ್ತಿಯನ್ನು ತಿಳಿದು, ಜೋಡು ಹೊಲಿಯುವದನ್ನು ಬಿಟ್ಟು ಓದಿಕೊಳ್ಳಲಿ ಎಂದು ವಾರಕ್ಕೆ 10 ಷಿಲ್ಲಿಂಗುಗಳನ್ನು ತಾನೇ ಕೊಡಲಾರಂಭಿಸಿದನು. ಕೇರಿಯವರ ಚರಿತ್ರೆಗಳಲ್ಲಿ ಈ ವ್ಯಾಪಾರಿಗೆ ಹೆಚ್ಚು ಸ್ಥಳ ದೊರೆಯುವದಿಲ್ಲ. ದೊರೆಯಬೇಕೆಂಬುದು ನಮ್ಮ ಅಭಿಪ್ರಾಯ.

1789ರಲ್ಲಿ ಲೆಸ್ಟರ್ ನಗರದ ಸಭೆಗೆ ಪಾಲಕರಾಗಿ ಹೋದರು. 1792ರಲ್ಲಿ, ಅನ್ಯದೇಶಗಳಿಗೆ ಬೋಧಕರನ್ನು ಕಳುಹಿಸುವದು ಕ್ರೈಸ್ತರ ಕರ್ತವ್ಯವೆಂದು ವಾದಿಸುವ ಒಂದು ಸಣ್ಣ ಪುಸ್ತಕವನ್ನು ಬರೆದು ಅಚ್ಚುಹಾಕಿಸಿದರು. ಆ ಪುಸ್ತಕದ ಎಷ್ಟೋ ಪುಟಗಳು ದೇಶಗಳ ವಿಸ್ತೀರ್ಣ, ಜನಸಂಖ್ಯೆಗಳ ಪಟ್ಟಿಗಳೇ. ಗೋಡೆಯ ನಕ್ಷೆಯು ಪುಸ್ತಕವಾಗಿತ್ತು. ಅದೇ ವರುಷದ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಒಬ್ಬ ವಿಧವೆಯ ಮನೆಯ ಹಿಂದಣ ಕೋಣೆಯಲ್ಲಿ ಕೆಲವರು ಬಡ ಸಭಾಪಾಲಕರು ಕೂಡಿ ಬ್ಯಾಪ್ಟಿಸ್ಟ್ ಮಿಶನ್ ಸಂಘವನ್ನು ಸ್ಥಾಪಿಸಿದರು. ಅಂದು ಬರೆಯಿಸಲ್ಪಟ್ಟ ಚಂದಾ 13 ಪೌಂಡು 2 ಷಿಲ್ಲಿಂಗು 6 ಪೆನ್ಸು.

ಇನ್ನು ಹೇಳಬೇಕಾದ ಮಾತು ಸುಲಭವಾದದ್ದಲ್ಲ. ತಾನೇ ಭಾರತಕ್ಕೆ ಹೋಗುವೆನೆಂದು ಕೇರಿಯವರು ಒಪ್ಪಿಕೊಂಡು ಮನೆಗೆ ಬಂದಾಗ, ಡಾರತಿಯು ಬರಲಾರೆನೆಂದಳು. ಆಕೆ ಆಗ ತುಂಬು ಗರ್ಭಿಣಿ. ಎರಡು ಹೆಣ್ಣು ಶಿಶುಗಳನ್ನು ಮಣ್ಣುಮಾಡಿದವಳು, ಸಮುದ್ರವನ್ನು ಕಂಡವಳೇ ಅಲ್ಲ. ಹಿರಿಯ ಮಗ ಫೀಲಿಕ್ಸನನ್ನು ಮಾತ್ರ ಕರೆದುಕೊಂಡು ಕೇರಿಯವರು ವೈದ್ಯ ಜಾನ್ ತಾಮಸರೊಂದಿಗೆ ಹಡಗನ್ನೇರಿದರು. ಆದರೆ ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆಯ ಚೀಟಿ ಅವರಲ್ಲಿ ಇರಲಿಲ್ಲವಾದ್ದರಿಂದ ಹಡಗಿನಿಂದ ಇಳಿಯಬೇಕಾಯಿತು. ಆ ತಡೆಯ ವಾರಗಳಲ್ಲಿ ತಾಮಸರು ಡಾರತಿಯ ಬಳಿಗೆ ಹೋಗಿ ಒತ್ತಾಯಪಡಿಸಿದರು. ಹೆರಿಗೆಯಾಗಿ ಮೂರೇ ವಾರವಾಗಿದ್ದ ಆ ತಾಯಿಯು, ತನ್ನ ತಂಗಿ ಕ್ಯಾಥರೀನಳು ಜೊತೆಗೆ ಬರುವದಾದರೆ ಬರುವೆನೆಂದು ಕಡೆಗೆ ಒಪ್ಪಿದಳು. ಒಂದು ದಿನದೊಳಗೆ ಮನೆಯ ಸಾಮಾನು ಮಾರಿ, ಕಟ್ಟಿಕೊಂಡು ಹೊರಟರು. 1793ರ ಜೂನ್ 13ರಂದು ಡೋವರಿನಲ್ಲಿ ಡೇನಿಶ್ ಹಡಗನ್ನೇರಿದವರು ಐದು ತಿಂಗಳ ಬಳಿಕ, ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ ಇಳಿದರು. ಕೇರಿಯವರು ಮತ್ತೆ ಇಂಗ್ಲೆಂಡನ್ನು ನೋಡಲಿಲ್ಲ.

ಬಂಗಾಳದಲ್ಲಿ ಮೊದಲ ತಿಂಗಳುಗಳು ಭಯಂಕರವಾಗಿದ್ದವು. ತಂದ ಹಣವು ಬೇಗನೆ ಖರ್ಚಾಗಿಹೋಯಿತು. ಇರಲು ಮನೆಯಿಲ್ಲದೆ ಊರಿಂದೂರಿಗೆ ಅಲೆದು ಸುಂದರಬನದ ಅಂಚಿನವರೆಗೂ ಹೋದರು. ಡಾರತಿಗೂ ಫೀಲಿಕ್ಸನಿಗೂ ರಕ್ತಭೇದಿ ಹಿಡಿಯಿತು. 1794ರಲ್ಲಿ ಜಾರ್ಜ್ ಉಡ್ನಿ ಎಂಬ ಸಜ್ಜನರು ಮಾಲ್ಡಾ ಸೀಮೆಯ ಮುದ್ನಾಬಾಟಿಯಲ್ಲಿದ್ದ ತಮ್ಮ ನೀಲಿಯ ಕಾರಖಾನೆಗೆ ಕೇರಿಯವರನ್ನು ಮೇಲ್ವಿಚಾರಕರನ್ನಾಗಿ ತಿಂಗಳಿಗೆ 200 ರೂಪಾಯಿಗಳ ಮೇಲೆ ನೇಮಿಸಿದ್ದರಿಂದ ಊಟಕ್ಕೆ ದಾರಿಯಾಯಿತು. ಆದರೆ ಅದೇ ವರುಷ ಐದು ವರುಷದ ಪೀಟರನು ಜ್ವರದಿಂದ ಸತ್ತನು. ಹೆಣವನ್ನು ಮುಟ್ಟಿದರೆ ಜಾತಿ ಹೋಗುವದೆಂಬ ಭಯದಿಂದ ಗೋರಿ ತೋಡಲು ಯಾರೂ ಮುಂದೆ ಬರಲಿಲ್ಲ. ಬಹಳ ಕಷ್ಟದಿಂದ ಕೆಲವರನ್ನು ಒಪ್ಪಿಸಬೇಕಾಯಿತು. ಇದರ ಬೆನ್ನಿಗೇ ಡಾರತಿಯ ಬುದ್ಧಿಯು ಕಲಕಿತು. 1795ರಿಂದ ಆಕೆಗೆ ಗಂಡನ ಮೇಲೆ ಇಲ್ಲದ ಸಂಶಯಗಳು ಹುಟ್ಟಿ, ಬೀದಿಯಲ್ಲಿಯೂ ಊಟದ ಮೇಜಿನಲ್ಲಿಯೂ ಆತನನ್ನು ಕೂಗಿ ಜರೆಯುತ್ತಿದ್ದಳು; ಮೇಲೆ ಬೀಳುತ್ತಿದ್ದಳು. ಆಮೇಲಾಮೇಲೆ ಒಂದು ಕೋಣೆಯಲ್ಲಿ ಇರಿಸಿ ಕಾಯಬೇಕಾಯಿತು. ಹುಚ್ಚರ ಆಸ್ಪತ್ರೆಗೆ ಕಳುಹಿಸಿರೆಂದು ಹೇಳಿದವರ ಮಾತಿಗೆ ಕೇರಿಯವರು ಒಪ್ಪಲಿಲ್ಲ. ಆಕೆ 1807ರ ಡಿಸೆಂಬರಿನಲ್ಲಿ ತೀರಿಕೊಳ್ಳುವ ತನಕ ಪಕ್ಕದ ಕೋಣೆಯ ಕೂಗಿನ ಮಧ್ಯದಲ್ಲಿಯೇ ಬಂಗಾಳಿ ಸತ್ಯವೇದದ ಭಾಷಾಂತರವು ಪುಟ ಪುಟವಾಗಿ ಸಾಗಿತು.

ಈ ಸಂಗತಿಯನ್ನು ಹಳೆಯ ಚರಿತ್ರೆಕಾರರಲ್ಲಿ ಕೆಲವರು ಡಾರತಿಯು ಗಂಡನ ಮಹಾಕಾರ್ಯಕ್ಕೆ ತೊಡಕಾದಳೆಂಬಂತೆ ಬರೆದಿದ್ದಾರೆ. ನಾವು ಹಾಗೆ ಬರೆಯಲಾರೆವು. ಕೇರಿಯವರಿಗೆ ಕರೆ ಕೇಳಿಸಿತ್ತು, ಆಕೆಗೆ ಕೇಳಿಸಿರಲಿಲ್ಲ. ಆದರೂ ಆಕೆ ಬಂದಳು, ಬಂದು ತೆತ್ತಳು. ಗಂಡನು ಆಕೆಯನ್ನು ಕೈಬಿಡದೆ ನೋಡಿಕೊಂಡದ್ದು ಆತನ ಗುಣಕ್ಕೆ ಸಾಕ್ಷಿಯೇ ಸರಿ. ಆದರೆ ಆಕೆಯನ್ನು ಆ ಹಡಗಿಗೆ ಹತ್ತಿಸಿದ ಅವಸರವು ಸರಿಯಾಗಿತ್ತೇ ಎಂದು ನಮ್ಮ ಹುಡುಗಿಯರು ಕೇಳಿದರೆ, ಸರಿಯಾಗಿತ್ತೆಂದು ಹೇಳಲು ನಮಗೆ ಬಾಯಿ ಬರುವದಿಲ್ಲ. ಸತ್ಪುರುಷರ ಜೀವಿತದಲ್ಲಿಯೂ ಇಂಥ ಪುಟಗಳಿವೆ. ಅವುಗಳನ್ನು ಹರಿದುಹಾಕಿ ಉಳಿದದ್ದನ್ನು ಮಾತ್ರ ಮಕ್ಕಳಿಗೆ ಓದಿಹೇಳುವದು ಸತ್ಯವಲ್ಲ.

ಇನ್ನೊಬ್ಬ ಹೆಂಗಸನ್ನೂ ಇಲ್ಲಿ ನೆನೆಯಬೇಕು. ಕೇರಿಯವರ ತಂಗಿ ಮೇರಿಯು, ಮನೆಯವರು ಪಾಲಿ ಎಂದು ಕರೆಯುತ್ತಿದ್ದವಳು, ಪಾರ್ಶ್ವವಾಯುವಿನಿಂದ ಸುಮಾರು ಐವತ್ತು ವರುಷ ಹಾಸಿಗೆಯಲ್ಲಿಯೇ ಇದ್ದಳು. ಮಾತೂ ನಿಂತುಹೋದ ಕಾಲದಲ್ಲಿ ಸ್ಲೇಟಿನ ಮೇಲೆ ಬರೆದು ತಿಳಿಸುತ್ತಿದ್ದಳು. ಅಣ್ಣನಿಗೆ ಕಾಗದ ಬರೆಯುವದೂ ಅವನಿಗಾಗಿ ಪ್ರಾರ್ಥಿಸುವದೂ ಆಕೆಯ ದಿನದ ಕೆಲಸವಾಗಿತ್ತು. ಅಣ್ಣನೂ ತನ್ನ ಕಷ್ಟಸುಖಗಳನ್ನು ಆ ಹಾಸಿಗೆಯ ಬಳಿಗೆ ಬರೆದು ಕಳುಹಿಸುತ್ತಿದ್ದನು.

1800ನೆಯ ಜನವರಿ 10ರಂದು ಕೇರಿಯವರು ಶ್ರೀರಾಮಪುರಕ್ಕೆ ಬಂದರು. ಕಲ್ಕತ್ತೆಯ ಮೇಲ್ಗಡೆ ಹೂಗ್ಲಿ ನದಿಯ ದಡದಲ್ಲಿದ್ದ ಆ ಪಟ್ಟಣವು ಆಗ ಡೆನ್ಮಾರ್ಕಿನ ರಾಜನ ಆಡಳಿತಕ್ಕೆ ಸೇರಿದ್ದರಿಂದ ಕಂಪನಿಯ ನಿರ್ಬಂಧವು ಅಲ್ಲಿ ನಡೆಯುತ್ತಿರಲಿಲ್ಲ. ಉಪಾಧ್ಯಾಯರಾಗಿದ್ದ ಜಾಶುವಾ ಮಾರ್ಷ್‌ಮನ್ನರೂ ಮುದ್ರಕರಾಗಿದ್ದ ವಿಲಿಯಂ ವಾರ್ಡರೂ ಕೆಲವೇ ತಿಂಗಳು ಮೊದಲು ಬಂದಿದ್ದರು. ಎಲ್ಲಾ ಕುಟುಂಬಗಳಿಗೂ ಒಂದೇ ಮೇಜು, ಒಂದೇ ಹಣದ ಪೆಟ್ಟಿಗೆ. ಯಾರು ಎಷ್ಟು ಸಂಪಾದಿಸಿದರೂ ಅದೆಲ್ಲ ಆ ಪೆಟ್ಟಿಗೆಗೆ. ಈ ಮನೆಯ ಆಧಾರವಾಗಿದ್ದವರು ಹ್ಯಾನಾ ಮಾರ್ಷ್‌ಮನ್ ಅಮ್ಮನವರು. ಆ ವರುಷವೇ ಗಂಡನೊಡನೆ ವಸತಿಶಾಲೆಯನ್ನು ಆರಂಭಿಸಿ ಅದರ ಆದಾಯದಿಂದ ಮಿಶನಿನ ಖರ್ಚಿನ ದೊಡ್ಡ ಪಾಲನ್ನು ಹೊತ್ತರು. ಡಾರತಿಯನ್ನು ಉಪಚರಿಸಿದವರೂ, ಅಂಕೆಯಿಲ್ಲದೆ ಬೆಳೆಯುತ್ತಿದ್ದ ಕೇರಿಯವರ ಗಂಡುಮಕ್ಕಳಿಗೆ ತಾಯಿಯಾದವರೂ ಇವರೇ. ಬಂಗಾಳದ ಹೆಣ್ಣುಮಕ್ಕಳಿಗೆ ಶಾಲೆಗಳನ್ನು ತೆರೆಯಿಸಿದರು. ನಲವತ್ತೇಳು ವರುಷ ಅಲ್ಲಿಯೇ ದುಡಿದು 1847ರಲ್ಲಿ ಶ್ರೀರಾಮಪುರದಲ್ಲಿಯೇ ಮಡಿದರು. ಮಿಶನ್ ಹುಡುಗಿಯರ ಶಾಲೆಗಳ ವಂಶವೃಕ್ಷವನ್ನು ಬರೆಯುವವರು ಇವರ ಹೆಸರನ್ನು ಬೇರಿನ ಹತ್ತಿರ ಬರೆಯಬೇಕು.

ಏಳು ವರುಷ ಬಂಗಾಳದಲ್ಲಿ ಬೋಧಿಸಿದರೂ ಒಬ್ಬನಾದರೂ ಸಭೆಗೆ ಸೇರಿರಲಿಲ್ಲ. ಕೃಷ್ಣಪಾಲನೆಂಬ ಬಡಗಿಯು ಬಿದ್ದು ತೋಳು ಜಾರಿಸಿಕೊಂಡಾಗ ತಾಮಸರು ಅದನ್ನು ಸರಿಪಡಿಸಿದರು. ಆ ನೋವಿನ ಸಮಯದಲ್ಲಿ ಕೇಳಿದ ಮಾತುಗಳೇ ಆತನಿಗೆ ದಾರಿಯಾದವು. 1800ನೆಯ ಡಿಸೆಂಬರ್ 28ರಂದು ಕೇರಿಯವರು ಹೂಗ್ಲಿ ನದಿಯಲ್ಲಿ ತಮ್ಮ ಮಗ ಫೀಲಿಕ್ಸನಿಗೂ ಕೃಷ್ಣಪಾಲನಿಗೂ ದೀಕ್ಷಾಸ್ನಾನ ಮಾಡಿಸಿದರು. ಮರುತಿಂಗಳಲ್ಲಿ ಕೃಷ್ಣಪಾಲನ ನಾದಿನಿ ಜಯಮಣಿಯು ಸಭೆಗೆ ಸೇರಿದಳು. 1801ರ ಮಾರ್ಚಿಯಲ್ಲಿ ಬಂಗಾಳಿ ಹೊಸ ಒಡಂಬಡಿಕೆಯ ಅಚ್ಚಾದ ಪ್ರತಿಯನ್ನು ಪ್ರಾರ್ಥನೆಯ ಮೇಜಿನ ಮೇಲಿಟ್ಟು ಸ್ತೋತ್ರ ಮಾಡಿದರು. ಅದೇ ವರುಷ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕೇರಿಯವರು ಬಂಗಾಳಿ ಭಾಷೆಯ ಶಿಕ್ಷಕರಾಗಿ ನೇಮಿಸಲ್ಪಟ್ಟರು. ಸಂಸ್ಕೃತ, ಮರಾಠಿಗಳೂ ಮುಂದೆ ಅವರ ಪಾಲಿಗೆ ಬಂದವು. ಮೊದಲು 500, ಆಮೇಲೆ 1000 ರೂಪಾಯಿಗಳ ಸಂಬಳವು ಅವರ ಸ್ವಂತಕ್ಕಾಗಲಿಲ್ಲ. ಬಹುಪಾಲು ಅದೇ ಸಮಾನ ಪೆಟ್ಟಿಗೆಗೆ ಹೋಯಿತು.

ಅವರಲ್ಲಿ ವಿಶೇಷವಾದ ಬುದ್ಧಿಶಕ್ತಿ ಇತ್ತೆಂದು ನಾವು ಹೇಳಿದರೆ ಅವರೇ ಒಪ್ಪುತ್ತಿರಲಿಲ್ಲ. ಹಿಡಿದ ಕೆಲಸವನ್ನು ಎಳೆದುಕೊಂಡು ಹೋಗಬಲ್ಲೆ, ತನ್ನಲ್ಲಿರುವ ಗುಣ ಅಷ್ಟೇ ಎಂದು ಅವರ ಎಣಿಕೆ. 1806ರಲ್ಲಿ ತಮ್ಮ ಒಂದು ದಿನವನ್ನು ಅವರು ಕಾಗದವೊಂದರಲ್ಲಿ ವಿವರಿಸಿದ್ದಾರೆ. ಮುಂಜಾನೆ ಆರಕ್ಕೆ ಮೊದಲು ಎದ್ದು ಹೀಬ್ರೂವಿನಲ್ಲಿ ಒಂದು ಅಧ್ಯಾಯ ಓದಿ, ಏಳರ ತನಕ ಪ್ರಾರ್ಥನೆ. ಬಳಿಕ ಮನೆಯ ಆಳುಗಳೊಂದಿಗೆ ಬಂಗಾಳಿಯಲ್ಲಿ ಕುಟುಂಬ ಪ್ರಾರ್ಥನೆ. ಚಹ ಬರುವಷ್ಟರಲ್ಲಿ ಮುನ್ಷಿಯೊಂದಿಗೆ ಸ್ವಲ್ಪ ಪಾರಸಿ. ಉಪಾಹಾರವಾದ ಮೇಲೆ ಪಂಡಿತರೊಂದಿಗೆ ಸಂಸ್ಕೃತದಿಂದ ರಾಮಾಯಣದ ಭಾಷಾಂತರ. ಹತ್ತರಿಂದ ಮಧ್ಯಾಹ್ನ ಕಳೆಯುವ ತನಕ ಕಾಲೇಜು. ಮನೆಗೆ ಬಂದು ಬಂಗಾಳಿ ಯೆರೆಮೀಯನ ಗ್ರಂಥದ ಅಚ್ಚಿನ ಹಾಳೆಗಳನ್ನು ತಿದ್ದುವದು. ಊಟವಾದ ಮೇಲೆ ಮತ್ತಾಯನ ಸುವಾರ್ತೆಯನ್ನು ಸಂಸ್ಕೃತಕ್ಕೆ ತಿರುಗಿಸುವದು. ಸಂಜೆ ತೆಲುಗು ಪಂಡಿತನ ಪಾಠ. ಆಮೇಲೆ ಇಂಗ್ಲಿಷ್ ಪ್ರಸಂಗ. ರಾತ್ರಿ ಹನ್ನೊಂದರ ತನಕ ಯೆಹೆಜ್ಕೇಲನನ್ನು ಬಂಗಾಳಿಗೆ ತರುವದು. ಮಲಗುವ ಮೊದಲು ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಒಂದು ಅಧ್ಯಾಯ. ತಮಗೆ ಪುರುಸೊತ್ತಿಲ್ಲವೆಂದು ನಮಗೆ ಕಾಗದ ಬರೆಯುವ ಹಳೆಯ ವಿದ್ಯಾರ್ಥಿನಿಯರು ಈ ಪಟ್ಟಿಯನ್ನು ಎರಡು ಸಾರಿ ಓದಿಕೊಳ್ಳಲಿ! ಈ ದಿನಚರಿಯನ್ನು ಬರೆದ ವರುಷದಲ್ಲಿ ಡಾರತಿಯು ಇನ್ನೂ ಆ ಕೋಣೆಯಲ್ಲಿದ್ದಳೆಂಬುದನ್ನೂ ಮರೆಯಬಾರದು.

ಇಷ್ಟೆಲ್ಲ ಅವರೊಬ್ಬರದೇ ಕೆಲಸವೆಂದು ತಿಳಿಯುವದೂ ನ್ಯಾಯವಲ್ಲ. ರಾಮರಾಮ ಬಸು, ಮೃತ್ಯುಂಜಯ ವಿದ್ಯಾಲಂಕಾರರಂಥ ಪಂಡಿತರು ಬಳಿಯಲ್ಲಿ ಕೂತು ಭಾಷೆಯನ್ನು ತಿದ್ದಿದರು. ಅಕ್ಷರದ ಮೊಳೆಗಳನ್ನು ಕೊರೆದವರು ಪಂಚಾನನ ಕರ್ಮಕಾರರೂ ಅವರ ಅಳಿಯ ಮನೋಹರರೂ. ಈ ಜನರ ಕೈಯಿಂದ ಕೇರಿಯವರ ಕಾಲದಲ್ಲಿ ಬಂಗಾಳಿ, ಒರಿಯಾ, ಹಿಂದಿ, ಮರಾಠಿ, ಸಂಸ್ಕೃತ, ಅಸ್ಸಾಮಿ ಈ ಆರು ಭಾಷೆಗಳಲ್ಲಿ ಪೂರ್ಣ ಸತ್ಯವೇದವೂ, ಇನ್ನು ಇಪ್ಪತ್ತಕ್ಕೂ ಮಿಕ್ಕ ಭಾಷೆಗಳಲ್ಲಿ ಹೊಸ ಒಡಂಬಡಿಕೆ ಇಲ್ಲವೆ ಅದರ ಭಾಗಗಳೂ ಹೊರಬಂದವು.

1812ನೆಯ ಮಾರ್ಚ್ 11ರ ಸಂಜೆ ಶ್ರೀರಾಮಪುರದ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕೇರಿಯವರು ಕಲ್ಕತ್ತೆಯಲ್ಲಿದ್ದರು. ಮಾರನೆಯ ಬೆಳಿಗ್ಗೆ ಮಾರ್ಷ್‌ಮನ್ನರು ಹೋಗಿ ಸುದ್ದಿ ಹೇಳಿದಾಗ ಅವರ ಬಾಯಿಂದ ಮಾತೇ ಹೊರಡಲಿಲ್ಲ. ಕಾಗದದ ರಾಶಿ, ಹದಿನಾಲ್ಕು ಭಾಷೆಗಳ ಮೊಳೆಗಳು, ಕೈಬರಹಗಳು ಎಲ್ಲವೂ ಹೋಗಿದ್ದವು. ಹಣದ ನಷ್ಟವು ಸುಮಾರು 10,000 ಪೌಂಡು. ಸಂಸ್ಕೃತವನ್ನು ಮೂಲವಾಗಿಟ್ಟುಕೊಂಡು ಅನೇಕ ಭಾಷೆಗಳನ್ನು ಜೋಡಿಸಿ ಕೇರಿಯವರು ಬರೆಯುತ್ತಿದ್ದ ಮಹಾನಿಘಂಟು ಒಂದು ಹಾಳೆಯೂ ಉಳಿಯದಂತೆ ಸುಟ್ಟುಹೋಯಿತು. ತೆಲುಗು ವ್ಯಾಕರಣವು ಹೋಯಿತು. ನಮಗೆ ಸಂಬಂಧಿಸಿದ ಮಾತೇನೆಂದರೆ, ಅವರ ಕನ್ನಡ ಹೊಸ ಒಡಂಬಡಿಕೆಯ ಕೈಬರಹವೂ ಆ ರಾತ್ರಿಯೇ ಬೂದಿಯಾಯಿತು. ಅಚ್ಚಿನ ಯಂತ್ರಗಳು ಮಾತ್ರ ಉಳಿದವು. ಬೂದಿಯನ್ನು ಕೆದಕಿದಾಗ ಅಕ್ಷರ ಎರೆಯುವ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿಹೋದ ಲೋಹವನ್ನೇ ಮತ್ತೆ ಮೊಳೆಗಳಾಗಿ ಎರೆದರು. ಇಂಗ್ಲೆಂಡಿನ ಸಭೆಗಳು ಸುದ್ದಿ ತಲುಪಿದ ಐವತ್ತು ದಿನಗಳೊಳಗೆ ನಷ್ಟದ ಹಣವನ್ನೆಲ್ಲಾ ಕೂಡಿಸಿ ಕೊಟ್ಟವು. ನಿಘಂಟನ್ನು ಯಾರು ತಾನೇ ಕೂಡಿಸಿ ಕೊಟ್ಟಾರು? ಐವತ್ತು ವರುಷ ವಯಸ್ಸಿನ ಕೇರಿಯವರು ಹೊಸ ಹಾಳೆಯನ್ನು ತೆಗೆದು ಮೊದಲಿನಿಂದ ಆರಂಭಿಸಿದರು. ಒಮ್ಮೆ ನಡೆದ ದಾರಿಯಲ್ಲಿ ಎರಡನೆಯ ಸಾರಿ ನಡೆಯುವದು ಸುಲಭವೆಂದು ಅವರು ಸಮಾಧಾನ ಹೇಳಿಕೊಂಡರಂತೆ. ಕನ್ನಡ ವ್ಯಾಕರಣವು 1817ರಲ್ಲಿ ಹೊರಬಂದದ್ದು ಈ ಬೂದಿಯ ಮೇಲಿಂದ. ಶ್ರೀರಾಮಪುರದ ಕನ್ನಡ ಹೊಸ ಒಡಂಬಡಿಕೆಯೂ ಮುಂದಿನ ಕೆಲವು ವರುಷಗಳಲ್ಲಿ ಅಚ್ಚಾಯಿತು. ಸತ್ಯವನ್ನು ಹೇಳುವದಾದರೆ ಆ ಭಾಷಾಂತರವು ನಮ್ಮ ಸಭೆಗಳಲ್ಲಿ ನಿಲ್ಲಲಿಲ್ಲ. ಬಳ್ಳಾರಿಯಲ್ಲಿದ್ದು ಜನರ ಬಾಯಿಂದ ಕನ್ನಡವನ್ನು ಕಲಿತ ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರ ಕೆಲಸವು ನಿಂತಿತು. ಅದು ಹಾಗೆಯೇ ಆಗತಕ್ಕದ್ದು.

ಇಂಥ ದಣಿವಿನ ಮನುಷ್ಯನು ದಣಿವಾರಿಸಿಕೊಳ್ಳುತ್ತಿದ್ದ ಸ್ಥಳವು ತೋಟ. ಶ್ರೀರಾಮಪುರದಲ್ಲಿ ಸುಮಾರು ಐದು ಎಕರೆಯನ್ನು ಅವರು ಸಸ್ಯತೋಟವನ್ನಾಗಿ ಮಾಡಿದ್ದರು. ಬೆಳಗಿನ ಪ್ರಾರ್ಥನೆಯೂ ಧ್ಯಾನವೂ ಅಲ್ಲಿಯೇ. ದೇಶದೇಶಗಳಿಂದ ಬೀಜ, ಗಡ್ಡೆಗಳನ್ನು ತರಿಸುತ್ತಿದ್ದರು. ದೂರ ಹೋದ ಮಕ್ಕಳಿಗೆ ಬರೆಯುವ ಕಾಗದಗಳಲ್ಲಿ ಆಶೀರ್ವಾದದ ಜೊತೆಗೆ ಬೀಜಗಳ ಬೇಡಿಕೆಯೂ ಇರುತ್ತಿತ್ತು. ಗೆಳೆಯರಾದ ಡಾಕ್ಟರ್ ರಾಕ್ಸ್‌ಬರ್ಗರು ಕಲ್ಕತ್ತೆಯ ಸರಕಾರಿ ಸಸ್ಯತೋಟದ ಅಧಿಕಾರಿಗಳು. ಅವರ ತೋಟದ ಸಸ್ಯಗಳ ಪಟ್ಟಿಯನ್ನು ಕೇರಿಯವರು 1814ರಲ್ಲಿ ಅಚ್ಚುಮಾಡಿಸಿದರು; ಅವರು ತೀರಿಕೊಂಡ ಬಳಿಕ ಭಾರತದ ಸಸ್ಯಗಳ ಮೇಲಿನ ಅವರ ದೊಡ್ಡ ಗ್ರಂಥವನ್ನು ತಿದ್ದಿ 1832ರಲ್ಲಿ ಮೂರು ಸಂಪುಟಗಳಾಗಿ ಹೊರತಂದರು. 1820ರಲ್ಲಿ ವ್ಯವಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಕಲ್ಕತ್ತೆಯಲ್ಲಿ ಸ್ಥಾಪಿಸಿದವರೂ ಇವರೇ. ರಾಕ್ಸ್‌ಬರ್ಗರು ಒಂದು ಮರದ ಜಾತಿಗೆ ಸ್ನೇಹಿತನ ಹೆಸರನ್ನೇ ಇಟ್ಟು ಕೇರಿಯಾ ಎಂದು ಕರೆದರು. ಅದು ಪರದೇಶದ ಮರವಲ್ಲ. ನಮ್ಮ ಮಲೆನಾಡಿನ ಎಲೆಯುದುರುವ ಕಾಡುಗಳಲ್ಲಿ ಕವಲು ಎಂದು ಕರೆಯುವ ಮರವೇ ಅದು. ಬೇಸಿಗೆಯ ಮೊದಲಲ್ಲಿ ರಾತ್ರಿ ಅರಳಿ ಬೆಳಿಗ್ಗೆ ಬಿದ್ದಿರುವ ಅದರ ಕೇಸರಗಳನ್ನು ಮಲೆನಾಡಿನ ಹುಡುಗಿಯರು ಕಂಡಿರಬೇಕು.

ಒಮ್ಮೆ ಇಂಗ್ಲೆಂಡಿನಿಂದ ಬೀಜಗಳ ಚೀಲವೊಂದು ಬಂದಿತು. ಬೀಜಗಳನ್ನು ತೆಗೆದುಕೊಂಡ ಮೇಲೆ, ಏನೂ ವ್ಯರ್ಥವಾಗಬಾರದೆಂದು ಕೇರಿಯವರು ಆ ಚೀಲವನ್ನು ತೋಟದ ನೆರಳಿನ ಮೂಲೆಯಲ್ಲಿ ಕೊಡಹಿದರು. ಕೆಲವು ದಿನಗಳ ಬಳಿಕ ಅಲ್ಲಿ ಏನೋ ಮೊಳೆಯಿತು. ಅದು ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಕಾಲಿಟ್ಟಲ್ಲೆಲ್ಲಾ ಬೆಳೆಯುವ ಡೇಸಿ ಎಂಬ ಸಣ್ಣ ಬಿಳಿಯ ಹೂವು. ಮೂವತ್ತು ವರುಷಗಳ ಸಮೀಪ ಅವರು ಅದನ್ನು ಕಂಡಿರಲಿಲ್ಲ. ಆ ಹೂವಿನಿಂದಾದಷ್ಟು ಆನಂದ ಇನ್ನಾವುದರಿಂದಲೂ ಆದದ್ದು ಅಪರೂಪವೆಂದು ಅವರು ಬರೆದರು. ವರುಷ ವರುಷವೂ ಅದರ ಬೀಜವನ್ನು ತೆಗೆದಿಟ್ಟು ಮತ್ತೆ ಬಿತ್ತುತ್ತಿದ್ದರು. ನಮ್ಮಲ್ಲಿ ಕೆಲವರು ತಂದೆತಾಯಿಗಳು, ಮಗಳು ಎಲೆ ಹೂಗಳನ್ನು ಒಣಗಿಸಿ ಪುಸ್ತಕದಲ್ಲಿ ಅಂಟಿಸುವದನ್ನು ಕಂಡು, ಇದರಿಂದ ಪರೀಕ್ಷೆಯಲ್ಲಿ ಎಷ್ಟು ಗುಣಗಳು ಬರುವವೆಂದು ಕೇಳುವದುಂಟು. ಗುಣಗಳು ಬರುವದಿಲ್ಲ. ಆದರೆ ಪಕ್ಕದ ಕೋಣೆಯಲ್ಲಿ ಡಾರತಿಯ ಕೂಗಿದ್ದ ಆ ವರುಷಗಳಲ್ಲಿ ಕೇರಿಯವರ ಬುದ್ಧಿಯು ಸ್ಥಿರವಾಗಿ ನಿಂತದ್ದು ಪ್ರಾರ್ಥನೆಯಿಂದ ಎಷ್ಟೋ, ಆ ಗಿಡಗಳ ಬುಡದಲ್ಲಿ ಮಣ್ಣು ಕೆದಕಿದ್ದರಿಂದಲೂ ಅಷ್ಟೇ ಎಂದು ನಾವು ನಂಬುತ್ತೇವೆ. ಈ ಎರಡನ್ನು ಅವರು ಬೇರೆಬೇರೆಯಾಗಿ ಎಣಿಸಿದಂತೆಯೂ ತೋರುವದಿಲ್ಲ.

1808ರಲ್ಲಿ ಷಾರ್ಲೆಟ್ ರೂಮೋರ್ ಎಂಬ ಡೇನಿಶ್ ಮನೆತನದ ಮಹಿಳೆಯೊಂದಿಗೆ ಅವರಿಗೆ ಎರಡನೆಯ ವಿವಾಹವಾಯಿತು. ಆಕೆ ನಡೆಯಲಾರದಷ್ಟು ದುರ್ಬಲೆ. ಆದರೆ ಅನೇಕ ಭಾಷೆಗಳನ್ನು ಬಲ್ಲವಳು, ಭಾಷಾಂತರದ ಮಾತುಗಳಲ್ಲಿ ಗಂಡನಿಗೆ ಸಂಗಡಿಗಳು. ಹದಿಮೂರು ವರುಷ ಆ ಮನೆಯಲ್ಲಿ ಶಾಂತಿಯಿತ್ತು. 1821ರಲ್ಲಿ ಆಕೆ ತೀರಿಕೊಂಡಳು. ಮುದಿತನದಲ್ಲಿ ಅವರನ್ನು ನೋಡಿಕೊಂಡವಳು ಮೂರನೆಯ ಹೆಂಡತಿ ಗ್ರೇಸ್ ಹ್ಯೂಸ್. ಇದರ ನಡುವೆ 1818ರಲ್ಲಿ ಮೂವರು ಸ್ನೇಹಿತರೂ ಸೇರಿ ಶ್ರೀರಾಮಪುರದ ಕಾಲೇಜನ್ನು ತೆರೆದರು. ಅದು ಇಂದಿಗೂ ನಡೆಯುತ್ತಿದೆ. ತಾಯಿನಾಡಿನ ಮಿಶನ್ ಸಂಘದೊಂದಿಗೆ ವಿರಸಗಳುಂಟಾಗಿ 1827ರಲ್ಲಿ ಸಂಬಂಧವು ಕಡಿಯಿತು. ಆ ಜಗಳದ ವಿವರಗಳಲ್ಲಿ ಓದುವವರಿಗೆ ಪ್ರಯೋಜನವಿಲ್ಲ.

ಪ್ರಯೋಜನವಿರುವದು 1829ರ ಡಿಸೆಂಬರಿನ ಒಂದು ಆದಿತ್ಯವಾರದಲ್ಲಿ. ಗಂಡನ ಚಿತೆಯಲ್ಲಿ ಹೆಂಡತಿಯನ್ನು ಸುಡುವದನ್ನು ಕೇರಿಯವರು 1799ರಲ್ಲಿ ಕಣ್ಣಾರೆ ಕಂಡು, ತಡೆಯಲು ಕೂಗಾಡಿ, ತಡೆಯಲಾರದೆ ಹಿಂತಿರುಗಿದ್ದರು. ಅಂದಿನಿಂದ ಲೆಕ್ಕಗಳನ್ನು ಕೂಡಿಸಿ, ಶಾಸ್ತ್ರಗಳನ್ನು ಪಂಡಿತರಿಂದ ಶೋಧಿಸಿ, ಸರಕಾರಕ್ಕೆ ಬರೆಯುತ್ತಲೇ ಇದ್ದರು. ರಾಜಾ ರಾಮಮೋಹನ ರಾಯರಂಥವರು ಅದೇ ಕಾರ್ಯಕ್ಕೆ ದುಡಿದರು. ಮೂವತ್ತು ವರುಷಗಳ ಬಳಿಕ ಬೆಂಟಿಂಕ್ ಪ್ರಭುಗಳು ಸಹಗಮನವನ್ನು ನಿಷೇಧಿಸಿ ಡಿಸೆಂಬರ್ 4ರಂದು ಕಾನೂನು ಮಾಡಿದರು. ಬಂಗಾಳಿಗೆ ತಿರುಗಿಸಬೇಕೆಂದು ಅದರ ಪ್ರತಿಯು ಕೇರಿಯವರ ಕೈಗೆ ಬಂದದ್ದು ಆದಿತ್ಯವಾರದ ಬೆಳಿಗ್ಗೆ, ಪ್ರಸಂಗಕ್ಕೆ ಹೊರಡುವ ಹೊತ್ತಿನಲ್ಲಿ. ಸಬ್ಬತ್ ದಿನದಲ್ಲಿ ಲೌಕಿಕ ಕೆಲಸವನ್ನು ಮುಟ್ಟದ ಆ ವೃದ್ಧರು ಕರಿಯ ನಿಲುವಂಗಿಯನ್ನು ಕಳಚಿಟ್ಟು, ಪ್ರಸಂಗಕ್ಕೆ ಬೇರೊಬ್ಬರನ್ನು ಕಳುಹಿಸಿ, ಪಂಡಿತನನ್ನು ಕರೆಯಿಸಿ ಕೂತರು. ಒಂದು ಗಂಟೆ ತಡವಾದರೂ ಎಲ್ಲಿಯೋ ಒಬ್ಬ ವಿಧವೆಯ ಪ್ರಾಣ ಹೋಗಬಹುದಲ್ಲವೇ. ಸಂಜೆಯೊಳಗೆ ಭಾಷಾಂತರವು ಮುಗಿಯಿತು. ಅವರ ಸಾವಿರಾರು ಪುಟಗಳ ಭಾಷಾಂತರಗಳಲ್ಲಿ ನಮಗೆ ಅತ್ಯಂತ ಪ್ರಿಯವಾದವು ಆ ಕೆಲವು ಹಾಳೆಗಳು.

ಕಡೆಯ ವರುಷಗಳಲ್ಲಿ ಕೇರಿಯವರ ದೇಹವು ಕುಗ್ಗಿತು. 1823ರಲ್ಲಿ ದೋಣಿಯಿಂದ ಇಳಿಯುವಾಗ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಬಹುಕಾಲ ಊರುಗೋಲು ಹಿಡಿಯಬೇಕಾಯಿತು. ಅದೇ ವರುಷ ಪ್ರವಾಹವು ತೋಟವನ್ನು ಹಾಳುಮಾಡಿತು. ಅವರು ಮತ್ತೆ ನೆಟ್ಟರು. 1831ರಲ್ಲಿ ಬಿರುಗಾಳಿಯು ಮರಗಳನ್ನು ಕೆಡವಿತು. ಎಪ್ಪತ್ತು ವರುಷದವರು ಮತ್ತೆ ನೆಟ್ಟರು. ನಡೆಯಲು ಆಗದಿದ್ದಾಗ ಕುರ್ಚಿಯಲ್ಲಿ ಕೂರಿಸಿ ತೋಟಕ್ಕೆ ಒಯ್ಯುತ್ತಿದ್ದರು. ಅದೂ ಆಗದಿದ್ದಾಗ ಮುಖ್ಯ ಮಾಲಿಯು ಹಾಸಿಗೆಯ ಬಳಿಗೇ ಬಂದು ಗಿಡಗಳ ಸಮಾಚಾರ ಹೇಳಿ ಅಪ್ಪಣೆ ಕೇಳಿಕೊಂಡು ಹೋಗುತ್ತಿದ್ದನು. ತಾನು ಸತ್ತ ಮೇಲೆ ಮಾರ್ಷ್‌ಮನ್ನರು ತೋಟದೊಳಗೆ ದನಗಳನ್ನು ಬಿಟ್ಟುಬಿಡುವರೆಂದು ಒಂದು ದಿನ ಕೇರಿಯವರು ವ್ಯಸನಪಟ್ಟರಂತೆ. ಮಾರ್ಷ್‌ಮನ್ನರು ಹಾಗೆ ಎಂದಿಗೂ ಮಾಡುವದಿಲ್ಲವೆಂದು ಮಾತುಕೊಟ್ಟರು.

1834ನೆಯ ಜೂನ್ 9ರಂದು ಸೂರ್ಯೋದಯದ ಹೊತ್ತಿಗೆ ಕೇರಿಯವರು ಕರ್ತನಲ್ಲಿ ನಿದ್ರೆಹೋದರು. ವಯಸ್ಸು 72. ಡೇನಿಶ್ ಸರಕಾರದ ಧ್ವಜವು ಅರ್ಧಕ್ಕೆ ಇಳಿಯಿತು. ಬಡಜನರು ದಾರಿಯ ಎರಡೂ ಕಡೆ ನಿಂತಿದ್ದರು. ಅದೇ ವರುಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನಿನ ಮೊದಲನೆಯ ಮೂವರು ಬೋಧಕರು ನಮ್ಮ ಪಶ್ಚಿಮ ಕರಾವಳಿಗೆ ಬಂದಿಳಿದರು.

ಅವರ ಮರಣಶಾಸನವು ಸಣ್ಣದು. ಶ್ರೀರಾಮಪುರದ ಮಿಶನಿನ ಆಸ್ತಿಯಲ್ಲಿ ತನಗೂ ತನ್ನ ಮಕ್ಕಳಿಗೂ ಯಾವ ಹಕ್ಕೂ ಇಲ್ಲವೆಂದು ಮೊದಲು ಬರೆಯಿಸಿದರು. ಮಗ ಜೇಬೆಜನಿಗೆ 1500 ರೂಪಾಯಿ ಕೊಡಬೇಕಾಗಿತ್ತು. ಕೈಯಲ್ಲಿ ಹಣವಿಲ್ಲದ್ದರಿಂದ ತಮ್ಮ ಪುಸ್ತಕಗಳನ್ನು ಮಾರಿ ಕೊಡಬೇಕೆಂದರು. ಹೆಂಡತಿಯು ತನಗೆ ಬೇಕಾದ ಇಂಗ್ಲಿಷ್ ಪುಸ್ತಕಗಳನ್ನು ಆರಿಸಿಕೊಳ್ಳಲಿ ಎಂದರು. ಇನ್ನು ಉಳಿದದ್ದು ಕಾಲೇಜಿಗೆ. ಬಾಲ್ಯದ ಆ ಕೋಣೆಯಲ್ಲಿ ಆರಂಭಿಸಿ ಕಡೆಯ ತನಕ ಬಿಡದೆ ಕೂಡಿಸಿದ ಕಲ್ಲುಗಳು, ಕಪ್ಪೆಚಿಪ್ಪುಗಳು, ಹವಳಗಳು, ಹುಳಗಳು, ಮತ್ತು ಹಾಳೆಗಳ ನಡುವೆ ಒಣಗಿಸಿಟ್ಟ ಗಿಡಗಳು.